ಊರ ದೀಪ ಆರಿಸದ ಕಳಕವ್ವ

ಕಪ್ಪತಗುಡ್ಡದ ಬುಡದಲ್ಲಿರುವ ಆ ಊರಿಗೆ ಕಳಕವ್ವನೇ ನೀರುಗಂಟಿ. ಗಂಡ ತೀರಿಕೊಂಡ ಮೇಲೆ ಪಂಚಾಯ್ತಿಯವರು ಅವನ ಕೆಲಸವನ್ನು ಅವಳಿಗೆ ಕೊಟ್ಟು ಹನ್ನೊಂದು ವರ್ಷವಾಯಿತು. ಮುಂಜಾನೆ ಓಣಿ ಓಣಿಗೆ ನೀರು ಬಿಡುವುದು, ಸಂಜೆ ಬೀದಿದೀಪ ಹಚ್ಚುವುದು ಅವಳ ಕೆಲಸ. ಹೆಣ್ಣುಮಗಳು ವಾಲ್ವ್ ತಿರುವುತ್ತಾಳೇನು ಎಂದು ಮೊದಮೊದಲು ನಕ್ಕವರ ಓಣಿಗೆ ಅವಳು ಎರಡು ದಿನ ನೀರೇ ಬಿಟ್ಟಿರಲಿಲ್ಲ. ಆಮೇಲೆ ಯಾರೂ ನಗಲಿಲ್ಲ. ಅವಳಿಗೆ ಸಿಟ್ಟು ಬಹಳ ಎಂದು ಊರು ಹೇಳುತ್ತಿತ್ತು. ಸಿಟ್ಟಿಲ್ಲದೆ ಈ ಕೆಲಸ ಆಗುವುದಿಲ್ಲ ಎಂದು ಅವಳು ಹೇಳುತ್ತಿದ್ದಳು.

ಹೋದ ದೀಪಾವಳಿ ಮುಗಿದ ಮೇಲೆ ಹುಬ್ಬಳ್ಳಿಯ ಕೆಲವರು ಗುಡ್ಡದ ಅಂಚಿನ ಬಯಲಿನಲ್ಲಿ ಅಮಾಸಿಗೊಮ್ಮೆ ಆಕಾಶದ ಚಿಕ್ಕಿ ತೋರಿಸುವ ಕಾರ್ಯಕ್ರಮ ಶುರು ಮಾಡಿದರು. ಶಹರದಿಂದ ಮಕ್ಕಳು ಮರಿ ಕಟ್ಟಿಕೊಂಡು ಜನ ಬರುತ್ತಿದ್ದರು. ಜಮಖಾನೆ ಹಾಸಿ ಕೂತು, ಗದಗಿನ ಕಾಲೇಜಿನಲ್ಲಿ ಪಾಠ ಹೇಳುವ ನರ್ಮದಾ ಅವರು ತೋರಿಸಿದ ಕಡೆ ನೋಡಿ, ಸರದಿಯಲ್ಲಿ ದುರ್ಬೀನಿಗೆ ಕಣ್ಣು ಹಚ್ಚಿ, ಒಂಬತ್ತೂವರೆಗೆ ತಿರುಗಿ ಹೋಗುತ್ತಿದ್ದರು. ಊರಿನ ಬೆಳಕು ಅಡ್ಡ ಬರುತ್ತದೆ ಎಂದು ಸಂಘಟಕರು ಪಂಚಾಯ್ತಿ ಅಧ್ಯಕ್ಷ ಸಿದ್ದಲಿಂಗೇಶನಿಗೆ ಹೇಳಿದರು. ಅವನು ಕಳಕವ್ವನನ್ನು ಕರೆದು, ಏಳಕ್ಕೆ ಆರಿಸಿ ಅವರು ಹೋದ ಮೇಲೆ ಹಚ್ಚು, ಊರಿಗೆ ಹೆಸರು ಬರುತ್ತದೆ ಎಂದ. ಊರಿನವರನ್ನು ಯಾರೂ ಕೇಳಲಿಲ್ಲ. ಕಳಕವ್ವ ಆರಿಸಿದಳು. ಮೊದಲ ಅಮಾಸಿ ಏನೂ ಆಗದೆ ಕಳೆಯಿತು.

ಎರಡನೆಯದು ಎಳ್ಳಮಾಸಿ. ಊರಿನ ಜನ ಹಗಲೆಲ್ಲ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಉಂಡು, ಕತ್ತಲಾಗುವಾಗ ಮನೆಗೆ ಬಂದಿದ್ದರು. ಹಿಂದಿನ ಓಣಿಯ ಫಕ್ಕೀರವ್ವ ಉಳಿದ ಕಡಬು ಕಟ್ಟಿಕೊಂಡು ಮಗಳ ಮನೆಗೆ ಹೊರಟಳು. ಎಪ್ಪತ್ತು ದಾಟಿದರೂ ದಿನಾ ನೂರು ರೊಟ್ಟಿ ಬಡಿದು ಮುಂಡರಗಿಯ ಖಾನಾವಳಿಗೆ ಕಳಿಸುವ ಗಟ್ಟಿ ಮುದುಕಿ ಅವಳು. ನೀರಿನ ಪೈಪಿಗೆಂದು ಅಗೆದು, ತಿಂಗಳಾದರೂ ಮುಚ್ಚದೆ ಬಿಟ್ಟ ತೆಗ್ಗು ದಾರಿಯಲ್ಲಿತ್ತು. ದೀಪವಿದ್ದಾಗ ಎಲ್ಲರೂ ಅದನ್ನು ಸುತ್ತಿ ಹೋಗುತ್ತಿದ್ದರು.

ಕೂಗು ಕೇಳಿ ಓಡಿದವಳು ಕಳಕವ್ವ. ತೆಗ್ಗಿನಿಂದ ಎತ್ತಿ, ಆಟೋದಲ್ಲಿ ಕೂರಿಸಿಕೊಂಡು ಮುಂಡರಗಿಯ ದವಾಖಾನೆಗೆ ಹೋದಳು. ಬಲಗೈ ಮಣಿಕಟ್ಟು ಮುರಿದಿತ್ತು. ದಾರಿಯಲ್ಲಿ ಮುದುಕಿ ನರಳುತ್ತಲೇ ಕೇಳಿದಳು.

"ಕರೆಂಟ್ ಯಾವಾಗ ಹೋತ ಕಳಕವ್ವಾ? ಹಬ್ಬದ ದಿನಾನೂ ತಗೀತಾರಲ್ಲ."

ಕಳಕವ್ವ ಆಟೋದವನಿಗೆ ಬೇಗ ಹೊಡೆ ಎಂದಳು.

ಮರುದಿನ ಅವಳು ಪಂಚಾಯ್ತಿಗೆ ಹೋಗಿ ನಡೆದದ್ದನ್ನು ಹೇಳಿದಳು. ಸಿದ್ದಲಿಂಗೇಶ ಫೋನಿನಿಂದ ತಲೆ ಎತ್ತದೆ, ಕತ್ತಲಾದ ಮೇಲೆ ಮುದುಕಿ ಮನೆಯಲ್ಲಿ ಇರಬೇಕಿತ್ತು, ತೆಗ್ಗು ಗುತ್ತಿಗೆದಾರನ ಜವಾಬ್ದಾರಿ ಎಂದ. ಮುದುಕೀನ ನೋಡಿಕೊಂಡು ಬರಾಕಾದರೂ ಹೋಗ್ರಿ ಎಂದಳು. ಹೋಗುತ್ತೇನೆ ಎಂದ. ಹೋಗಲಿಲ್ಲ. ಇಡೀ ತಿಂಗಳು ಅವಳಿಗೆ ಉಂಡದ್ದು ರುಚಿಸಲಿಲ್ಲ. ಅವನ ಮೇಲೆ ಎಷ್ಟು ಸಿಟ್ಟಿತ್ತೋ ಸ್ವಿಚ್ಚು ಒತ್ತಿದ ತನ್ನ ಕೈಯ ಮೇಲೆ ಅದಕ್ಕಿಂತ ಹೆಚ್ಚಿತ್ತು.

ಮುಂದಿನ ಅಮಾಸಿಗೆ ಏಳು ಹೊಡೆದರೂ ದೀಪ ಆರಲಿಲ್ಲ. ಅಧ್ಯಕ್ಷನ ಫೋನು ಮೂರು ಸಲ ಬಂತು. ಕಳಕವ್ವ ಎತ್ತಲಿಲ್ಲ. ಸ್ವಿಚ್ಚಿನ ಡಬ್ಬಿಗೆ ಕೀಲಿ ಹಾಕಿ, ಕೀಲಿಕೈ ಸೊಂಟಕ್ಕೆ ಸಿಗಿಸಿಕೊಂಡು ಬಯಲಿನ ಕಡೆ ನಡೆದಳು.

ಅಲ್ಲಿ ನಲವತ್ತು ಮಂದಿ ಕೂತಿದ್ದರು. ನರ್ಮದಾ ಮಕ್ಕಳಿಗೆ ಗುರುಗ್ರಹ ತೋರಿಸುತ್ತಿದ್ದರು. ಯಾರೋ ಒಬ್ಬರು, ಊರಿನ ಲೈಟ್ ಆರಿಸುವವರು ಎಲ್ಲಿ ಹೋದರು ಎಂದು ಗೊಣಗಿದರು.

"ಆರಿಸಾಕಿ ನಾನ," ಎಂದಳು ಕಳಕವ್ವ. "ಇವತ್ತ ಆರಿಸೂದಿಲ್ಲ. ಹೋದ ಅಮಾಸಿಗೆ ನೀವು ಇಲ್ಲಿ ಚಿಕ್ಕಿ ನೋಡೂ ಮುಂದ ಅಲ್ಲಿ ಒಬ್ಬಾಕಿ ತೆಗ್ಗಿನ್ಯಾಗ ಬಿದ್ದು ಕೈ ಮುರಕೊಂಡ್ಲು. ನಿಮಗ ಖಬರೂ ಇಲ್ಲ."

ಗೊಣಗಿದವರೇ ಎದ್ದು, ಎಲ್ಲರೂ ಸೇರಿ ಆ ಅಜ್ಜಿಗೆ ಏನಾದರೂ ಕೊಡೋಣ ಎಂದರು. ಕಳಕವ್ವನ ದನಿ ಏರಿತು.

"ರೊಕ್ಕ ಯಾರ ಕೇಳ್ಯಾರ್ರಿ? ಕತ್ತಲಿ ನಮ್ಮೂರಿಂದು. ಕೇಳಿ ತಗೋಬೇಕಿತ್ತು. ಒಂದ ಮನಿ ಬಾಗಲಾ ಬಡದೀರೇನು?"

ಊರು ಒಪ್ಪಿದೆ ಎಂದು ತಮಗೆ ಹೇಳಿದ್ದರು ಎಂದು ನರ್ಮದಾ ಮೆಲ್ಲಗೆ ಹೇಳಿದರು. ಬಾಗಿಲು ಬಡಿದಿದ್ದೀರಾ ಎಂದು ಕಳಕವ್ವ ಮತ್ತೆ ಕೇಳಿದಳು. ಇಲ್ಲ, ತಪ್ಪಾಯಿತು ಎಂದರು ಅವರು. ನಾಳೆ ಮುಂಜಾನೆಯೇ ಆ ಅಜ್ಜಿಯನ್ನು ಕಂಡು ಹೇಳುತ್ತೇನೆ ಎಂದೂ ಹೇಳಿ, ಬಂದವಳು ಒಮ್ಮೆ ನೋಡಲೆಂದು ದುರ್ಬೀನಿನ ಹತ್ತಿರ ಜಾಗ ಬಿಟ್ಟರು.

"ನಾ ನೋಡಾಕ ಬಂದಿಲ್ರಿ ಅಕ್ಕಾರ," ಎಂದು ಕಳಕವ್ವ ತಿರುಗಿದಳು.

ಇಳಿದು ಬರುವಾಗ ಅವಳಿಗೆ ಹೊಳೆಯಿತು. ನಾಳೆ ನರ್ಮದಾ ಅವರಿಂದ ಫಕ್ಕೀರವ್ವನಿಗೆ ಎಲ್ಲ ತಿಳಿಯುತ್ತದೆ. ಅದಕ್ಕೂ ಮುಂಚೆ ತಾನೇ ಹೇಳಬೇಕು. ಮನೆಗೆ ಹೋಗದೆ ನೇರವಾಗಿ ಹಿಂದಿನ ಓಣಿಗೆ ಹೋದಳು. ಮುದುಕಿ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

"ಆಯಿ, ಅವತ್ತ ಕರೆಂಟ್ ಹೋಗಿದ್ದಿಲ್ಲ. ನಾನ ಆರಿಸಿದ್ದೆ."

ಯಾಕೆ, ಯಾರಿಗಾಗಿ ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ಒಂದ ಮಾತ ಹೇಳಿದ್ದರ ನಾ ಹೊರಗ ಬರತಿದ್ದಿಲ್ಲಲ್ಲವಾ," ಎಂದಳು ಫಕ್ಕೀರವ್ವ.

ಬೈದಿದ್ದರೆ ಕಳಕವ್ವನಿಗೆ ಹಗುರವಾಗುತ್ತಿತ್ತೋ ಏನೋ. ಮುದುಕಿ ಬೈಯಲಿಲ್ಲ. ಕಳಕವ್ವ ಅವತ್ತು ರಾತ್ರಿಯೇ ಸಲಿಕೆ ತಂದು ಆ ತೆಗ್ಗು ಮುಚ್ಚತೊಡಗಿದಳು. ಸಪ್ಪಳ ಕೇಳಿ ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬುಟ್ಟಿ ಹಿಡಿದು ಬಂದರು.

ಹೇಳಿದ ಕೆಲಸ ಮಾಡಲಿಲ್ಲ ಎಂದು ಪಂಚಾಯ್ತಿ ಅವಳಿಗೆ ನೋಟೀಸು ಕೊಟ್ಟಿತು. ಅವಳು ಉತ್ತರ ಬರೆಸಿದಳು: ಊರನ್ನು ಕತ್ತಲಲ್ಲಿಡುವುದು ನನ್ನ ಕೆಲಸವಲ್ಲ. ಅದು ಅಲ್ಲಿಗೇ ನಿಂತಿತು. ನರ್ಮದಾ ಹೇಳಿದ ಹಾಗೆ ಬಂದು ಫಕ್ಕೀರವ್ವನ ಹತ್ತಿರ ಕೂತು ಹೋದರು. ಅವರ ಕಾರ್ಯಕ್ರಮ ಈಗ ಗುಡ್ಡದ ಆಚೆ ಮಗ್ಗುಲಲ್ಲಿ, ಊರಿಲ್ಲದ ಕಡೆ ನಡೆಯುತ್ತದಂತೆ.

ಮುದುಕಿಯ ಕೈ ಸೊಟ್ಟಗೆ ಕೂಡಿದೆ. ರೊಟ್ಟಿ ಬಡಿಯಲು ಬರುವುದಿಲ್ಲ, ಸೊಸೆ ಬಡಿಯುತ್ತಾಳೆ. ಸಿದ್ದಲಿಂಗೇಶ ಇನ್ನೂ ಆ ಮನೆಗೆ ಹೋಗಿಲ್ಲ. ಪಂಚಾಯ್ತಿಯ ಸಭೆ ಇದ್ದಾಗಲೆಲ್ಲ ಕಳಕವ್ವ ಬಾಗಿಲ ಹತ್ತಿರ ನಿಂತು, ಯಾವಾಗ ಹೋಗುತ್ತೀರಿ ಎಂದು ಎಲ್ಲರೆದುರೇ ಕೇಳುತ್ತಾಳೆ.