ಹಿರಿಯರ ಪಟದಲ್ಲಿ ಅಕ್ಕನ ಸೀರೆ

ಸತ್ತವರು ಬರುತ್ತಾರೆ, ಕಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಎದುರಿಗೇ ನಗುತ್ತಿದ್ದೆ. ಹೊಲಿಗೆಗೆ ಬಟ್ಟೆ ತಂದ ಹೆಂಗಸರು ಅಳತೆ ಕೊಟ್ಟ ಮೇಲೂ ಕೂತು, ಯಾರ ಮೈಮೇಲೆ ಯಾರು ಬಂದರು ಎಂದು ಹೇಳುತ್ತಿದ್ದರು. ನಾನು ಮಷೀನು ತುಳಿಯುತ್ತಲೇ, ಬಂದವರಿಗೆ ಒಂದು ಬ್ಲೌಸು ಹೊಲಿಸಿಕೊಂಡು ಹೋಗಲು ಹೇಳಿ ಎನ್ನುತ್ತಿದ್ದೆ. ಈಗ ನಾನು ಬರೆಯುವುದನ್ನು ಓದಿ ನೀವೂ ಹಾಗೇ ನಗಬಹುದು. ಬೇಸರವಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಇಲ್ಲದ್ದನ್ನು ಕಟ್ಟಿ ಹೇಳಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಇದರಲ್ಲಿ ನಾನು ಮಾಡಿದ ಒಂದು ಕೆಟ್ಟ ಕೆಲಸವಿದೆ. ಅದನ್ನು ಬಿಟ್ಟು ಹೇಳಿದರೆ ಉಳಿದದ್ದು ಯಾರಿಗೂ ಅರ್ಥವಾಗುವುದಿಲ್ಲ.

ನಮ್ಮ ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಹಿರಿಯರ ಹಬ್ಬದ ದಿನ, ಅಂದರೆ ಮಹಾಲಯ ಅಮಾವಾಸ್ಯೆಯಂದು, ಮನೆಮನೆಯಲ್ಲಿ ಎಡೆ ಇಟ್ಟಾದ ಮೇಲೆ ನಮ್ಮ ಬೀದಿಯವರೆಲ್ಲ ಸೇರಿ ಒಂದು ದೊಡ್ಡ ಗಾಳಿಪಟ ಹಾರಿಸುತ್ತಾರೆ. ಪಕ್ಕದ ಬೀದಿಯಲ್ಲೂ ಇದಿಲ್ಲ. ಫ್ಯಾಕ್ಟರಿ ಕೆಲಸಕ್ಕೆಂದು ಊರು ಬಿಟ್ಟು, ಕೆಲವರು ರಾಜ್ಯವನ್ನೇ ಬಿಟ್ಟು ಬಂದವರ ಬೀದಿ ನಮ್ಮದು. ಹಿರಿಯರು ಹಳೆಯ ಊರಿನ ಮನೆಗೇ ಹೋಗಿ, ಬಾಗಿಲು ಮುಚ್ಚಿದ್ದು ನೋಡಿ ಉಪವಾಸ ವಾಪಸಾಗುತ್ತಾರೆ, ನಾವು ಇಲ್ಲಿದ್ದೇವೆ ಎಂದು ಅವರಿಗೆ ಕಾಣಬೇಕು ಎಂದು ಮುರುಗೇಶಣ್ಣನ ತಂದೆ ಶುರು ಮಾಡಿದ್ದಂತೆ. ಈಗ ಅದನ್ನು ಕಟ್ಟುವವರು ಮುರುಗೇಶಣ್ಣ. ಫ್ಯಾಕ್ಟರಿಯಿಂದ ರಿಟೈರಾದವರು, ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಬಿದಿರು ಸೀಳಿ, ಮೈದಾ ಅಂಟು ಕಾಯಿಸಿ, ಎರಡಾಳೆತ್ತರದ ಪಟವನ್ನು ಅವರ ಮನೆಯ ಅಂಗಳದಲ್ಲೇ ಕಟ್ಟುತ್ತಾರೆ.

ಬಾಲಂಗೋಚಿಗೆ ಮಾತ್ರ ಕಾಗದ ಹಾಕುವುದಿಲ್ಲ, ಬಟ್ಟೆ ಹಾಕುತ್ತಾರೆ. ವರ್ಷದ ತಿಥಿ ಮುಗಿದ ಪ್ರತಿಯೊಬ್ಬರೂ ಬದುಕಿದ್ದಾಗ ಉಟ್ಟ ಬಟ್ಟೆಯಿಂದ ಗೇಣಗಲದ ಒಂದು ಪಟ್ಟಿಯನ್ನು ಮನೆಯವರು ಕೊಡಬೇಕು. ಆ ಪಟ್ಟಿಗಳನ್ನು ಒಂದಕ್ಕೊಂದು ಸೇರಿಸಿ ಹೊಲಿಯುವುದು ಬೀದಿಯ ಟೈಲರಾದ ನನ್ನ ಕೆಲಸ. ಒಂದೊಂದನ್ನು ಸೇರಿಸುವಾಗಲೂ ಆ ಸತ್ತವರ ಹೆಸರು ಹೇಳಬೇಕು. ಪಟ ಚೆನ್ನಾಗಿ ಮೇಲೇರಿದ ಮೇಲೆ ಹಗ್ಗ ಕೊಯ್ದುಬಿಡುತ್ತಾರೆ. ಬಂದು ಉಂಡವರು ಅದರ ಜೊತೆ ಹೊರಟರು ಎಂದು ನಂಬಿಕೆ. ಅದು ಎಲ್ಲಿ ಬಿತ್ತು ಎಂದು ಯಾರೂ ಹುಡುಕಿಕೊಂಡು ಹೋಗುವುದಿಲ್ಲ.

ನಾವು ಇಬ್ಬರು ಹೆಣ್ಣುಮಕ್ಕಳು. ಅಕ್ಕ ಸುಮಿತ್ರ ಮದುವೆಯಾಗಿ ಶಿವಮೊಗ್ಗದ ಗೋಪಾಳದಲ್ಲಿದ್ದಾಳೆ. ನಾನು ಮದುವೆಯಾಗಲಿಲ್ಲ, ಅಮ್ಮನ ಜೊತೆ ಉಳಿದೆ. ಅಮ್ಮ ಹಾಸಿಗೆ ಹಿಡಿದ ಮೇಲೆ ಅವರಿಗೆ ಸ್ನಾನ ಮಾಡಿಸಿದ್ದು, ತಲೆ ಬಾಚಿದ್ದು, ಅನ್ನ ಕಲಸಿ ತಿನ್ನಿಸಿದ್ದು ಎಲ್ಲ ನಾನೇ. ಅಕ್ಕ ತಿಂಗಳಿಗೊಮ್ಮೆ ಮೂಸಂಬಿ ತಂದು ಕೂತು ಹೋಗುತ್ತಿದ್ದಳು. ಒಂದು ಸಲ ಬಂದವಳು, ಬೀದಿಯವರೆಲ್ಲ ನನ್ನ ಬಗ್ಗೆ ಏನಂದುಕೊಂಡಾರು, ನಾಲ್ಕು ದಿನ ನಮ್ಮನೇಲೂ ಇರಲಿ ಎಂದು ಅಮ್ಮನನ್ನು ಕಾರಿನಲ್ಲಿ ಕರೆದುಕೊಂಡು ಹೋದಳು. ಅಮ್ಮ ಅಲ್ಲೇ ಹೋದರು. ಬೆಳಿಗ್ಗೆ ಹೋದವರ ಸುದ್ದಿ ನನಗೆ ಮುಟ್ಟಿದ್ದು ಮಧ್ಯಾಹ್ನ. ನಾನು ಬಸ್ಸಿಳಿದು ಗೋಪಾಳದ ಮನೆ ತಲುಪುವಾಗ ಅಂಗಳ ತೊಳೆದು ಆಗಿತ್ತು. ಗಂಡನ ಕಡೆಯವರು ಕಾಯಲು ಒಪ್ಪಲಿಲ್ಲ, ನಾನೇನು ಮಾಡಲಿ ಎಂದಳು ಅಕ್ಕ. ಅಮ್ಮನ ಮುಖವನ್ನು ನಾನು ನೋಡಲಿಲ್ಲ.

ವರ್ಷ ಕಳೆದು ಅಮ್ಮನಿಗೆ ಮೊದಲ ಹಿರಿಯರ ಹಬ್ಬ ಬಂತು. ಅಮ್ಮನಿಗಿದ್ದದ್ದೇ ನಾಲ್ಕೈದು ಸೀರೆ, ಅವೆಲ್ಲ ಅವರ ಜೊತೆಗೇ ಗೋಪಾಳಕ್ಕೆ ಹೋಗಿದ್ದವು. ಊರಿನವರ ಹಿರಿಯರನ್ನೆಲ್ಲ ಬಾಲಂಗೋಚಿಗೆ ಸೇರಿಸುವ ನನ್ನ ಹತ್ತಿರ ನನ್ನ ಅಮ್ಮನದೆಂದು ಹಾಕಲು ಒಂದು ಚಿಂದಿಯೂ ಇರಲಿಲ್ಲ. ಅಕ್ಕನಿಗೆ ಫೋನು ಮಾಡಿ ಒಂದೇ ಒಂದು ಹಳೆಯ ಸೀರೆ ಕೊಡು ಎಂದು ಕೇಳಿದೆ.

"ಅಯ್ಯೋ ಮಾರಾಯ್ತಿ, ಎಲ್ಲಾ ಆವಾಗ್ಲೇ ಕೆಲಸದವಳಿಗೆ ಕೊಟ್ಬಿಟ್ಟೆ. ಸತ್ತೋರ ಬಟ್ಟೆ ಮನೇಲಿಟ್ಕೋಬಾರ್ದಂತೆ. ನಿಂಗೆ ಗಾಳಿಪಟಕ್ಕೆ ಬೇಕಾಗುತ್ತೆ ಅಂತ ನಂಗೇನು ಕನಸು ಬಿದ್ದಿತ್ತಾ?" ಎಂದು ನಕ್ಕಳು.

ಆ ನಗು ನನ್ನೊಳಗೆ ಕೂತುಬಿಟ್ಟಿತು. ಅದಾಗಿ ಎರಡು ದಿನಕ್ಕೆ ಭಾವ ಯಾವುದೋ ಕೆಲಸಕ್ಕೆ ಭದ್ರಾವತಿಗೆ ಬಂದವರು ಒಂದು ಚೀಲ ಕೊಟ್ಟು ಹೋದರು. ಅಕ್ಕನ ಗಿಳಿಹಸಿರು ಸೀರೆ. ಉಟ್ಟು ಉಟ್ಟು ಫಾಲ್ ಹರಿದಿತ್ತು, ಹೊಸದು ಹಾಕಿ ಕೊಡಬೇಕಂತೆ. ಅಷ್ಟು ಮಾತಾದ ಮೇಲೂ ನನ್ನ ಕೈಯಲ್ಲಿ ಕೆಲಸ ಮಾಡಿಸಿಕೊಳ್ಳಲು ಅವಳಿಗೆ ಏನೂ ಅನ್ನಿಸಲಿಲ್ಲವಲ್ಲ ಎಂದು ಆ ಸೀರೆಯನ್ನೇ ನೋಡುತ್ತಾ ಕೂತೆ.

ಹಬ್ಬದ ಹಿಂದಿನ ಸಂಜೆ ಬಾಲಂಗೋಚಿ ಹೊಲಿಯುತ್ತಿದ್ದೆ. ಮುರುಗೇಶಣ್ಣನ ಹೆಂಡತಿ ಸೆಲ್ವಿ ಅಕ್ಕನದನ್ನು ಸೇರಿಸಿ ಹೆಸರು ಹೇಳಿದೆ. ಆಮೇಲೆ ಕತ್ತರಿ ತೆಗೆದು, ಗಿಳಿಹಸಿರು ಸೀರೆಯನ್ನು ಸೊಂಟಕ್ಕೆ ಸಿಕ್ಕಿಸುವ ಒಳತುದಿಯಲ್ಲಿ ಗೇಣಗಲ ಕತ್ತರಿಸಿದೆ. ಅಂಚು ಮಡಿಚಿ ಹೊಲಿದುಬಿಟ್ಟರೆ ಉಡುವವರಿಗೆ ಗೊತ್ತೇ ಆಗುವುದಿಲ್ಲ. ಆ ತುಂಡನ್ನು ಮಷೀನಿನ ಕೆಳಗಿಟ್ಟು, "ಸುಮಿತ್ರ" ಎಂದು ಬಾಯಿಬಿಟ್ಟು ಹೇಳಿ ಹೊಲಿದೆ. ಅವಳ ಹಿಂದೆ ಮೂಲೆಮನೆಯ ಲಲಿತಮ್ಮನ ಪಟ್ಟಿ ಸೇರಿಸಿದೆ. ನಾನು ನಂಬಿಕೆಯಿಲ್ಲದವಳು, ಇದರಿಂದ ಅಕ್ಕನಿಗೆ ಏನೂ ಆಗುವುದಿಲ್ಲ ಎಂದು ಗೊತ್ತಿತ್ತು ಎಂದು ನಿಮಗೆ ಹೇಳಬಹುದಿತ್ತು. ಸುಳ್ಳು. ಏನಾದರೂ ಆಗಲಿ ಎಂದೇ ಹೊಲಿದೆ. ಅಮ್ಮನ ಜಾಗದಲ್ಲಿ ಅವಳೇ ಹೋಗಲಿ ಎಂದುಕೊಂಡೆ. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಮಾರನೇ ದಿನ ಬೆಳಿಗ್ಗೆ ಫಾಲ್ ಹಾಕಿದ ಸೀರೆಯನ್ನು ಶಿವಮೊಗ್ಗಕ್ಕೆ ಹೋಗುವ ಒಬ್ಬರ ಕೈಯಲ್ಲಿ ಕಳಿಸಿದೆ. ಎಡೆ ಇಟ್ಟು, ಊಟ ಮುಗಿಸಿ, ಬೀದಿಯವರೆಲ್ಲ ಪಟವನ್ನು ಹಳೆಯ ಕ್ವಾರ್ಟರ್ಸಿನ ಹಿಂದಿನ ಬಯಲಿಗೆ ಹೊತ್ತುಕೊಂಡು ಹೋದೆವು. ಗಾಳಿ ಚೆನ್ನಾಗಿತ್ತು. ಆದರೆ ಪಟ ಮನೆಯೆತ್ತರ ಹೋಗುವುದು, ಗಿರ್ರನೆ ತಿರುಗಿ ತಲೆಕೆಳಗಾಗಿ ಬೀಳುವುದು. ಮುರುಗೇಶಣ್ಣ ಸೂತ್ರ ಬಿಚ್ಚಿ ಮತ್ತೆ ಕಟ್ಟಿದರು. ಆಗಲೂ ಬಿತ್ತು.

"ಏನಮ್ಮಾ, ಈ ಸಲ ಹಿರಿಯರಿಗೆ ಊಟ ಜಾಸ್ತಿ ಬಡಿಸಿದ್ರಾ? ಏಳೋಕೇ ಆಗ್ತಿಲ್ಲ ಅವ್ರಿಗೆ," ಎಂದು ಬೆವರು ಒರೆಸಿಕೊಂಡರು. ಎಲ್ಲರೂ ನಕ್ಕರು. ಆಮೇಲೆ ಅವರು ಬಾಲಂಗೋಚಿಯನ್ನು ಕೈಯಲ್ಲಿ ಎಳೆದು ನೋಡುತ್ತಾ, ಮಧ್ಯದಲ್ಲಿ ಎಲ್ಲೋ ಭಾರ ಬಿದ್ದಿದೆ, ಒಂದೆರಡು ಪಟ್ಟಿ ಬಿಚ್ಚಿ ನೋಡೋಣವೇ ಎಂದು ನನ್ನನ್ನೇ ಕೇಳಿದರು.

ಬಿಚ್ಚಿಬಿಡಿ ಎನ್ನಲು ಅದೇ ಸಮಯವಾಗಿತ್ತು. ನಾನು ಹೊಲಿಗೆ ಸರಿಯಾಗಿಯೇ ಇದೆ, ಇನ್ನೊಂದು ಸಲ ಬಿಡಿ ಎಂದೆ.

ಈ ಸಲ ಪಟ ಎದ್ದಿತು. ಎದ್ದದ್ದೇ ನಾಲ್ಕು ಜನ ಹಿಡಿದರೂ ನಿಲ್ಲದಷ್ಟು ಜಗ್ಗಿತು. ಹಗ್ಗ ಕೊಯ್ಯುವಾಗ ಎಲ್ಲರೂ ಕತ್ತೆತ್ತಿ ತಮ್ಮ ತಮ್ಮವರ ಹೆಸರು ಕೂಗಿದರು. ನಾನು ಕತ್ತೆತ್ತಲಿಲ್ಲ. ನನ್ನ ಕಾಲಿನ ಚಪ್ಪಲಿಯನ್ನೇ ನೋಡುತ್ತಾ ನಿಂತಿದ್ದೆ. ಪಟ ಶಿವಮೊಗ್ಗದ ಕಡೆಗೆ ಹೋಯಿತು ಎಂದು ಆಮೇಲೆ ಯಾರೋ ಹೇಳಿದರು.

ಮನೆಗೆ ಬಂದು ಪಾತ್ರೆ ತೊಳೆಯುತ್ತಿದ್ದಾಗ ಭಾವನ ಫೋನು ಬಂತು. ಎಡೆಯ ಮುಂದೆ ಕೂತಿದ್ದ ಅಕ್ಕ ಇದ್ದಕ್ಕಿದ್ದಂತೆ ಎದ್ದು ನಿಂತು, ಹಗ್ಗ ಬಿಡಬೇಡಿ ಎಂದು ಕಿರುಚಿ ಬಿದ್ದಳಂತೆ. ಡಾಕ್ಟರು ಬಂದು ಬಿ.ಪಿ. ಸರಿಯಿದೆ, ತಲೆಸುತ್ತು ಎಂದು ಮಾತ್ರೆ ಕೊಟ್ಟು ಹೋಗಿದ್ದಾರೆ, ಆದರೆ ಇವಳು ಮಂಚದ ಸರಳು ಬಿಡುತ್ತಿಲ್ಲ, ನಿನ್ನನ್ನೇ ಕೇಳುತ್ತಿದ್ದಾಳೆ ಎಂದರು. ನಿಜ ಹೇಳುತ್ತೇನೆ, ಕೇಳಿದ ಕೂಡಲೇ ನನಗೆ ಆದದ್ದು ಸಮಾಧಾನ. ಭಯ ಶುರುವಾದದ್ದು ಬಸ್ಸಿನಲ್ಲಿ ಕೂತ ಮೇಲೆಯೇ.

ಗೋಪಾಳ ಮುಟ್ಟುವಾಗ ದೀಪ ಹಚ್ಚಿದ್ದರು. ಅಕ್ಕ ಅದೇ ಗಿಳಿಹಸಿರು ಸೀರೆ ಉಟ್ಟು ಮಲಗಿದ್ದಳು, ಎರಡೂ ಕೈಯಲ್ಲಿ ಮಂಚದ ಸರಳು ಹಿಡಿದಿದ್ದಳು. ಭಾವ ನನಗೆ ಕಾಫಿ ತರಲು ಒಳಗೆ ಹೋದರು. ನಾನು ಪಕ್ಕದಲ್ಲಿ ಕೂತೆ. ಅವಳು ಸರಳು ಬಿಟ್ಟು ನನ್ನ ಕೈ ಹಿಡಿದಳು.

ಗಾಳಿಪಟ ಹಾರಿಸಿದವರಿಗೆ ಗೊತ್ತಿರುತ್ತದೆ. ಮೇಲಿರುವ ಪಟ ಒಂದೇ ಸಮ ಎಳೆಯುವುದಿಲ್ಲ. ಗಾಳಿ ಬಂದಾಗ ಜಗ್ಗುತ್ತದೆ, ಸಡಿಲ ಬಿಡುತ್ತದೆ, ಮತ್ತೆ ಜಗ್ಗುತ್ತದೆ. ಅಕ್ಕನ ಕೈ ನನ್ನ ಕೈಯನ್ನು ಹಾಗೆ ಎಳೆಯುತ್ತಿತ್ತು, ಮೇಲಕ್ಕೆ. ಅವಳು ಎಳೆಯುತ್ತಿರಲಿಲ್ಲ. ಅವಳ ಬೆರಳುಗಳು ನನ್ನನ್ನು ಹಿಡಿದುಕೊಂಡಿದ್ದವು, ಅಷ್ಟೆ. ಕಿಟಕಿ ಮುಚ್ಚಿತ್ತು, ಫ್ಯಾನ್ ಹಾಕಿರಲಿಲ್ಲ. ಒಂದು ಸಲ ಜಗ್ಗಿದಾಗ ಅವಳ ಬೆನ್ನು ಹಾಸಿಗೆ ಬಿಟ್ಟು ಎದ್ದದ್ದನ್ನು ನಾನು ನೋಡಿದೆ.

"ನೀನು ಕೆಳಗೇ ನಿಂತಿದ್ದೆ ಕಣೇ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. "ಎಷ್ಟು ಸಲ ಕರೆದೆ. ನೀನು ಮೇಲೆ ನೋಡ್ಲೇ ಇಲ್ಲ."

ಅವಳೇ ಹೇಳುತ್ತಾ ಹೋದಳು. ಎಲ್ಲರೂ ಸಾಲಾಗಿದ್ದರಂತೆ, ಒಬ್ಬರ ಸೊಂಟ ಒಬ್ಬರು ಹಿಡಿದುಕೊಂಡು. ಅವಳ ಮುಂದೆ ಸೆಲ್ವಿ ಅಕ್ಕ. ಹಿಂದೆ ಲಲಿತಮ್ಮ. ಲಲಿತಮ್ಮ ಯಾವಾಗ ಹೋದರು, ನನಗೆ ಯಾರೂ ಹೇಳಲೇ ಇಲ್ಲವಲ್ಲ ಎಂದಳು. ಲಲಿತಮ್ಮನ ಸುದ್ದಿಯನ್ನು ಬೀದಿಯವರು ಯಾರಾದರೂ ಅವಳಿಗೆ ಹೇಳಿದ್ದಿರಬಹುದು, ಅವಳು ಮರೆತಿರಬಹುದು. ಆದರೆ ಯಾರ ಹಿಂದೆ ಯಾರನ್ನು ಹೊಲಿದೆ ಎಂದು ನನ್ನೊಬ್ಬಳಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಆಗ ಅವಳ ಕೈ ಬಿಟ್ಟುಬಿಡೋಣ ಅನ್ನಿಸಿತು. ತೊಳೆದ ಅಂಗಳ ಕಣ್ಣಮುಂದೆ ಬಂತು, ಫೋನಿನಲ್ಲಿ ಕೇಳಿದ ನಗು ಬಂತು. ನನ್ನ ಬೆರಳುಗಳು ಸಡಿಲವಾದವು. ಅದು ಅವಳಿಗೆ ಗೊತ್ತಾಯಿತು. ನನ್ನ ಮುಖವನ್ನೇ ನೋಡಿದಳು.

"ಅಮ್ಮನ್ನ ಹುಡುಕ್ದೆ," ಎಂದಳು. "ಎಲ್ಲರೂ ಇದ್ರು, ಅಮ್ಮ ಮಾತ್ರ ಇರ್ಲಿಲ್ಲ ಕಣೇ. ಅವ್ರಿಗೆ ಜಾಗ ಇಲ್ಲ ಅಂದ್ರು. ನಾನು ಕೊಡ್ಬೇಕಿತ್ತು. ಒಂದು ಸೀರೆ ಇತ್ತು. ಇದ್ರೂ ಇಲ್ಲ ಅಂದೆ."

ನಾನು ಎರಡೂ ಕೈಯಿಂದ ಅವಳನ್ನು ಹಿಡಿದುಕೊಂಡೆ. ಭಾವ ಕಾಫಿ ತಂದಿಟ್ಟು, ಅಕ್ಕತಂಗಿಯರು ಅಳಲಿ ಎಂದು ಹೊರಗೆ ಹೋದರು. ಎಷ್ಟು ಹೊತ್ತು ಹಾಗೆ ಹಿಡಿದಿದ್ದೆನೋ ಗೊತ್ತಿಲ್ಲ, ರಟ್ಟೆ ಸೋತು ಮಂಚದ ಕಾಲಿಗೆ ಪಾದ ಒತ್ತಿ ಕೂತಿದ್ದೆ. ಆಮೇಲೆ ಒಮ್ಮೆಲೇ ಎಲ್ಲ ಸಡಿಲವಾಯಿತು. ಅಕ್ಕ ಕಣ್ಣು ಮುಚ್ಚಿ ನಿದ್ದೆಹೋದಳು. ನನ್ನ ಅಂಗೈಯಲ್ಲಿ ಹಗ್ಗ ಎಳೆದರೆ ಏಳುವಂಥ ಬೊಬ್ಬೆ ಎದ್ದಿತ್ತು. ಅಕ್ಕನ ಬಳೆ ಒತ್ತಿರಬೇಕು ಎಂದರು ಭಾವ.

ಇದಾಗಿ ಕೆಲವು ವರ್ಷವಾಯಿತು. ಅಕ್ಕ ಬದುಕಿದ್ದಾಳೆ. ಕಿವಿಯೊಳಗಿನ ತೊಂದರೆಯಿಂದ ಹಾಗೆಲ್ಲ ಆಗುತ್ತದೆ, ಇಲ್ಲದ್ದು ಕಂಡ ಹಾಗಾಗುತ್ತದೆ ಎಂದು ದೊಡ್ಡ ಡಾಕ್ಟರು ಹೇಳಿದ್ದಾರೆ. ಇರಬಹುದು. ಅವಳು ಈಗಲೂ ತಾರಸಿಗೆ ಹೋಗುವುದಿಲ್ಲ. ಬಯಲಿನಲ್ಲಿ ನಡೆಯಬೇಕಾದರೆ ಯಾರಾದರೂ ಕೈ ಹಿಡಿಯಬೇಕು, ಅದರಲ್ಲೂ ನಾನು ಹಿಡಿದರೆ ಮಾತ್ರ ಕಾಲು ನೆಲಕ್ಕೆ ತಾಗುತ್ತದಂತೆ. ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಅವಳನ್ನು ಬೀದಿಯ ಕೊನೆಯವರೆಗೆ ನಡೆಸಿಕೊಂಡು ಬರುತ್ತೇನೆ. ಮಾರನೇ ವರ್ಷ ಅಮ್ಮನ ಸೀರೆ ಅವಳೇ ಕೊಟ್ಟಳು, ಪಟಕ್ಕೆ ಹಾಕಿದೆವು. ನಾನು ಮಾಡಿದ್ದನ್ನು ಮಾತ್ರ ಅವಳಿಗೆ ಇಂದಿಗೂ ಹೇಳಿಲ್ಲ. ಹೇಳಿದರೆ ನನ್ನ ಕೈ ಬಿಟ್ಟುಬಿಡುತ್ತಾಳೆ ಎಂಬ ಭಯ. ನನಗಾಗಿ ಹೆದರುತ್ತೇನೋ ಅವಳಿಗಾಗಿಯೋ, ಅದೂ ತಿಳಿಯದು.

ಅವಳು ಇದ್ದಕ್ಕಿದ್ದ ಹಾಗೆ ಒಂದೇ ಪ್ರಶ್ನೆ ಕೇಳುತ್ತಾಳೆ. ಕಳೆದ ವಾರ ನಡೆಯುತ್ತಿರುವಾಗಲೂ ಕೇಳಿದಳು: ಅವತ್ತು ಯಾಕೆ ಮೇಲೆ ನೋಡಲಿಲ್ಲ? ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಅಕ್ಕ ಎಂದೆ.

ಅವಳು ನಡೆಯುವುದನ್ನು ನಿಲ್ಲಿಸಿದಳು.

"ಬಿಸಿಲೆಲ್ಲಿತ್ತೇ?" ಎಂದಳು. "ಬರೀ ಮೋಡ. ನನ್ನ ಸೀರೆ ಎಲ್ಲಾ ಒದ್ದೆಯಾಗಿ ಹೋಗಿತ್ತಲ್ಲ."

ಅವತ್ತು ಬಿಸಿಲಿರಲಿಲ್ಲ, ನಿಜ. ಆದರೆ ಭದ್ರಾವತಿಯಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ಅವಳ ಮನೆಗೆ ವಾಪಸಾದ ಮೇಲೆ ಭಾವನನ್ನು ಕೇಳಿದೆ. ಅವಳು ಎಡೆಯ ಮುಂದೆ ಬಿದ್ದಾಗ ಸೀರೆಯ ಒಳತುದಿ ತೊಯ್ದು ತೊಟ್ಟಿಕ್ಕುತ್ತಿತ್ತು, ಚೆಂಬಿನ ನೀರು ಚೆಲ್ಲಿತೇನೋ ಎಂದು ನೋಡಿದರೆ ಚೆಂಬು ತುಂಬಿಯೇ ಇತ್ತು ಎಂದರು.