ಆ್ಯಪಿಗೆ ಬೇಕಾದ ಅತ್ತೆಯ ತೂಕ

ಇವತ್ತಿನ ಖರ್ಚು ಕೇಳಿ ಗೆಳೆಯರೇ: ಎರಡು ಲೀಟರ್ ಡೀಸೆಲ್, ಆರು ಕಪ್ ಚಹಾ, ಒಬ್ಬ ಅತ್ತೆಯ ಮುನಿಸು.

ನನ್ನ ಹಳೆಯ ಕಾರು ಕೊಳ್ಳಲು ಶಿರಹಟ್ಟಿಯ ರಫೀಕ್ ಹೆಂಡತಿ, ಅತ್ತೆ, ಇಬ್ಬರು ಭಾವಮೈದುನರ ಸಮೇತ ಬಂದಿದ್ದ. ಎಲ್ಲರನ್ನೂ ಕೂರಿಸಿಕೊಂಡು ಕಳಸಾಪುರ ರಸ್ತೆಯಲ್ಲಿ ಓಡಿಸಿ ಬಂದು, ತೂಕ, ವೇಗ ನೋಡಿ ಎಂಜಿನ್ ಶಕ್ತಿಯ ಲೆಕ್ಕ ಹಾಕುವ ಮೊಬೈಲ್ ಆ್ಯಪ್ ತೋರಿಸಿದ. "ಎಂಜಿನ್ ಸತ್ತೈತ್ರಿ. ನಮಗ ಬ್ಯಾಡ."

ನೋಡಿದರೆ, ಆ್ಯಪಿಗೆ ಅವನು ಕೊಟ್ಟಿದ್ದು ಖಾಲಿ ಕಾರಿನ ತೂಕ.

"ಒಳಗ ಕುಂತವ್ರ ತೂಕಾನೂ ಹಾಕ್ಬೇಕಪಾ. ಅಮ್ಮಾರ, ನಿಮ್ದೆಷ್ಟ್ರಿ?"

"ನನ್ನ ತೂಕ ಕೇಳಾಕ ನೀವೇನ್ ಡಾಕ್ಟರೇನ್ರಿ?" ಎಂದರು ಅತ್ತೆ.

ಐವರನ್ನೂ ಕಾರಿನಲ್ಲೇ ಕೂರಿಸಿ, ಉಳ್ಳಾಗಡ್ಡಿ ಲಾರಿ ತೂಗುವ ವೇಬ್ರಿಜ್ ಹತ್ತಿಸಿದೆ. ಅಲ್ಲಿ ಬಂದ ತೂಕವನ್ನು ಆ್ಯಪಿಗೆ ಹಾಕಿದ ಕೂಡಲೇ ಎಂಜಿನ್ನಿಗೆ ಜೀವ ಬಂತು!

ಕೊನೆಗೆ ರಫೀಕನಿಗೆ ಕಾರು, ನನಗೆ ವ್ಯಾಪಾರ, ಮುನಿದ ಅತ್ತೆಗೆ ಮುಂದಿನ ಸೀಟು. ಅಲ್ಲಿ ಕೂತು ಬಂದಿದ್ದ ಅವನ ಹೆಂಡತಿಗೆ ಹಿಂದಿನ ಕಿಟಕಿ.