ನನ್ನ ಷಡ್ಡಕ ತಡೀರಪ್ಪ

ನನ್ನ ಷಡ್ಡಕನಿಗೆ ತಡೀರಪ್ಪ ಅಂತ ಹೆಸರಿಟ್ಟವನು ನಾನೇ. ಅವನ ವಿಷಯದಲ್ಲಿ ನಾನು ಹೇಳಿದ್ದನ್ನು ಎಲ್ಲರೂ ಒಪ್ಪಿಕೊಂಡದ್ದು ಅದೊಂದೇ ಸಲ. ಯಾವ ಹಳೇ ಕಾರು ಬಂದು ನಿಂತರೂ, ಕಾರಿನವರು ಬಾಯಿ ತೆರೆಯುವ ಮೊದಲೇ ಅಂಗೈ ಎತ್ತಿ "ತಡೀರಿ" ಅನ್ನುತ್ತಾನೆ. ಆಮೇಲೆ ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ಕಾಲು ಗಂಟೆ ಸುಮ್ಮನೆ ನಿಲ್ಲುತ್ತಾನೆ. ನೋಡಿದವರು ಅದನ್ನು ಧ್ಯಾನ ಅನ್ನುತ್ತಾರೆ. ಅದು ಸೋಮಾರಿತನ ಎಂದು ಸಾಧಿಸಲು ನಾನು ಹನ್ನೊಂದು ವರ್ಷ ಹೆಣಗಿದೆ. ಒಂದು ನರಪಿಳ್ಳೆಯೂ ನಂಬಲಿಲ್ಲ.

ಗ್ಯಾರೇಜು ನಮ್ಮಿಬ್ಬರ ಮಾವನದು. ಅದರ ಹಿರಿಯ ಮಗಳನ್ನು ನಾನು ಮದುವೆಯಾದೆ, ಕಿರಿಯಳನ್ನು ಅವನು. 'ಅದರ' ಅಂದದ್ದು ಬಾಯಿ ತಪ್ಪಿ ಅಲ್ಲ. ಮಾವ ತನ್ನ ಹೆಣ್ಣುಮಕ್ಕಳನ್ನೂ ಗ್ಯಾರೇಜನ್ನೂ ಬೇರೆ ಬೇರೆ ಎಂದು ಎಣಿಸಿದವನೇ ಅಲ್ಲ. ಕೆಳಗೆ ಶೆಡ್ಡು, ಮೇಲೆ ಮಹಡಿಯಲ್ಲಿ ಎರಡು ಸಂಸಾರ, ನಡುವೆ ಒಂದೇ ಅಡುಗೆಮನೆ. ನಾನು ಬಂದ ಕಾಲಕ್ಕೆ ಮಾವನ ತಲೆಯಲ್ಲಿ ಕೂದಲಿತ್ತು, ಅಳಿಯ ಅಂದರೆ ನಾನೊಬ್ಬನೇ ಆಗಿದ್ದೆ. ಒಂಬತ್ತು ವರ್ಷ ಆ ಸುಖ ಅನುಭವಿಸಿದೆ. ಆಮೇಲೆ ಇವನು ಬಂದ, ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು.

ಹೊಟ್ಟೆಕಿಚ್ಚು ಎಂದು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೌದು, ಹೊಟ್ಟೆಕಿಚ್ಚೇ. ನನ್ನ ಕೆಲಸದಲ್ಲಿ ಕೊರತೆಯಿಲ್ಲ. ನಾನು ಬಿಗಿದ ನಟ್ಟು ಬಿಗಿದದ್ದೇ, ಕಟ್ಟಿದ ಇಂಜಿನ್ನು ಕಟ್ಟಿದ್ದೇ. ಆದರೆ ಜನ ಬಂದವರು ನನ್ನನ್ನು ದಾಟಿ ಒಳಗೆ ಇಣುಕಿ "ಅವರಿಲ್ವಾ?" ಅನ್ನುತ್ತಾರೆ. ಇಪ್ಪತ್ತು ವರ್ಷ ದುಡಿದವನು ಬಾಗಿಲ ಬಳಿ ನಿಂತಿದ್ದಾನೆ, ಅವನನ್ನೇ ಕೇಳುತ್ತಾರೆ, ಅವರಿಲ್ವಾ ಅಂತ.

ರಿಟೈರಾದ ಒಬ್ಬರು ಟೀಚರಮ್ಮ ಇದ್ದರು. ಅವರ ಕಾರು ದಿನಾ ಒಂದೇ ತಿರುವಿನಲ್ಲಿ ಪ್ರಾಣ ಬಿಡುತ್ತಿತ್ತು. ನಾನು ಪೆಟ್ರೋಲ್ ಪಂಪು ಬದಲಿಸಿದೆ, ಕಾಯಿಲ್ ಬದಲಿಸಿದೆ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಕೂರಿಸಿದೆ. ಕಾರು ಅದೇ ತಿರುವಿನಲ್ಲಿ ನಿಂತಿತು. ಇವನು ಏನನ್ನೂ ಬಿಚ್ಚಲಿಲ್ಲ. "ತಡೀರಿ, ನಾನೂ ಬರ್ತೀನಿ" ಎಂದು ಹಿಂದಿನ ಸೀಟಿನಲ್ಲಿ ದೊರೆಮಗನ ಹಾಗೆ ಕೂತು ಒಂದು ಸುತ್ತು ಹೋಗಿಬಂದ. ಆ ಕಾರಿನ ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ. ಟೀಚರಮ್ಮ ತಮ್ಮ ಕೊಡೆಯನ್ನೂ ಅಲ್ಲೇ ತುರುಕಿದ್ದರು. ಎಡಕ್ಕೆ ತಿರುಗಿದಾಗಲೆಲ್ಲ ಕೊಡೆ ಉರುಳಿ, ಸಡಿಲವಾಗಿದ್ದ ತಂತಿಗೆ ಬಡಿಯುತ್ತಿತ್ತು. ತಂತಿ ಬಿಗಿದು ಕೊಡೆ ಕೈಗೆ ಕೊಟ್ಟ. ಅಷ್ಟೇ ರಿಪೇರಿ. ಟೀಚರಮ್ಮ ನನ್ನ ಕಡೆ ತಿರುಗಿ "ನೀವೂ ತುಂಬಾ ಕಷ್ಟಪಟ್ರಿ ಪಾಪ" ಎಂದರು. ಆ 'ಪಾಪ' ನನ್ನ ಗಂಟಲಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತ್ತು.

ಬಯ್ಯೋಣ ಎಂದರೆ ಅವನು ಬೈಸಿಕೊಳ್ಳುವಂಥ ಒಂದು ಕೆಲಸವನ್ನೂ ಮಾಡುವುದಿಲ್ಲ. ನನ್ನ ಸ್ಪ್ಯಾನರ್ ತೆಗೆದುಕೊಂಡರೆ ಒರೆಸಿ ಅದೇ ಮೊಳೆಗೆ ನೇತುಹಾಕುತ್ತಾನೆ. ಏಕವಚನದಲ್ಲಿ ಮಾತಾಡಿಸಿದರೂ ಭಾವ, ಭಾವ ಅನ್ನುತ್ತಾನೆ. ಮಾವನಂತೂ ನನ್ನನ್ನು ವಾರಕ್ಕೆರಡು ಸಲ ಉಗಿಯುವವನು, ಅವನಿಗೆ ಹನ್ನೊಂದು ವರ್ಷದಲ್ಲಿ ಒಂದು ಬಿರುಸು ಮಾತೂ ಆಡಿರಲಿಲ್ಲ. ಅವನನ್ನು ಒಂದೇ ಒಂದು ಸಲ ಬಯ್ಯುವುದನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ನನ್ನೊಳಗೆ ಬೇರುಬಿಟ್ಟಿತ್ತು.

ಹೀಗಿರುವಾಗ ವಕೀಲರು ಬಂದರು. ಹಳೇ ಕಾರಿನ ಹುಚ್ಚಿನ ಮನುಷ್ಯ. ಮನೆಯಲ್ಲಿ ಒಂಬತ್ತು ಕಾರು, ಒಂದಕ್ಕಿಂತ ಒಂದು ಮೊಂಡು. ಅದರಲ್ಲಿ ಅತಿ ಮೊಂಡಾದ ಹಸಿರು ಕಾರನ್ನು ನಮ್ಮಲ್ಲಿ ಬಿಟ್ಟು, "ಮೂರು ವಾರ ಬಿಟ್ಟು ಬರ್ತೀನಿ. ಮೊದಲ್ನೇ ಸಲಕ್ಕೇ ಸ್ಟಾರ್ಟ್ ಆದ್ರೆ ಒಂಬತ್ತರ ರಿಪೇರಿಯೂ ನಿಮ್ಮದೇ. ಆದ್ರೆ ನೋಡ್ಕೊಳ್ಳೋನು ಒಬ್ಬನೇ ಇರಬೇಕು" ಎಂದರು. ಹೇಳಿದ್ದು ಮಾವನಿಗೆ, ನೋಡಿದ್ದು ತಡೀರಪ್ಪನನ್ನು. ಆ ಒಂಬತ್ತು ಕಾರು ಯಾರಿಗೋ ಅವನೇ ನಾಳೆ ಈ ಗ್ಯಾರೇಜಿಗೂ ಯಜಮಾನ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂರು ವಾರ ಅವನು ಆ ಕಾರಿನ ಹತ್ತಿರ ನಿಂತ, ಕೂತ, ಮಲಗಿದ. ಕೊನೆಯ ದಿನ ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಇಂಜಿನ್ನು ಎಷ್ಟು ಮೆತ್ತಗೆ ಎದ್ದಿತು ಎಂದರೆ, ಮಾವ ಕುರ್ಚಿಯಿಂದ ಎದ್ದು ಬಂದು ಅವನ ಬೆನ್ನು ತಟ್ಟಿದ. ನನ್ನ ಬೆನ್ನೂ ಅಲ್ಲೇ ಇತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಮಹಡಿ ಹತ್ತಿದರು. ಕೈ ತೊಳೆದು ಬರುತ್ತೇನೆ ಎಂದು ನಾನು ಹಿಂದೆ ಉಳಿದೆ. ಹಸಿರು ಕಾರಿನ ಬಾನೆಟ್ಟು ಎತ್ತಿದೆ. ಡಿಸ್ಟ್ರಿಬ್ಯೂಟರ್ ಎಂದು ಒಂದು ಬಟ್ಟಲಿನಂಥದ್ದು ಇರುತ್ತದೆ. ಇಂಜಿನ್ನಿಗೆ ಯಾವಾಗ ಕಿಡಿ ಬೀಳಬೇಕೆಂದು ತೀರ್ಮಾನಿಸುವುದು ಅದೇ. ಬೆರಳಗಲ ತಿರುಗಿದರೆ ಸಾಕು, ಹೊತ್ತಲ್ಲದ ಹೊತ್ತಿಗೆ ಕಿಡಿ ಬಿದ್ದು ಕಾರು ಕೆಮ್ಮಿ ಕೂರುತ್ತದೆ. ಅದರ ಬೋಲ್ಟು ಸಡಿಲಿಸಿ ತಿರುಗಿಸಿದೆ. ಬಾನೆಟ್ಟು ಮುಚ್ಚಿ, ನಿಜವಾಗಿಯೂ ಕೈ ತೊಳೆದುಕೊಂಡು ಊಟಕ್ಕೆ ಹೋದೆ. ಚೆನ್ನಾಗಿ ಸೇರಿತು ಊಟ.

ವಕೀಲರು ಮೂರಕ್ಕೆ ಬಂದರು. ಅವರೇ ಕೂತು ಕೀಲಿ ತಿರುಗಿಸಿದರು. ಕಾರು ಕೆಮ್ಮಿತು. ಇನ್ನೊಂದು ಸಲ ತಿರುಗಿಸಿದರು. ಢಬ್ಬೆಂದು ಹೊಗೆ ಕಾರಿ ಸತ್ತಿತು. ವಕೀಲರ ಹುಬ್ಬು ಮೇಲೇರಿತು, ಮಾವನ ಮುಖ ಇಳಿಯಿತು.

"ತಡೀರಿ" ಎಂದ ಷಡ್ಡಕ.

ಬಾನೆಟ್ಟು ಎತ್ತಿ ಬಗ್ಗಿದ. ಸಹಾಯಕ್ಕೆ ಎಂಬಂತೆ ನಾನೂ ಪಕ್ಕದಲ್ಲಿ ಬಗ್ಗಿದೆ. ಆಗ ಕಂಡಿತು. ಡಿಸ್ಟ್ರಿಬ್ಯೂಟರಿನ ಬುಡದಲ್ಲಿ ಹೊಳೆಯುವ ಹೊಸ ಗೀರು, ಅರ್ಧ ಮೇಲೆ ಬಟ್ಟಲಿನಲ್ಲಿ, ಅರ್ಧ ಕೆಳಗೆ ಇಂಜಿನ್ನಿನಲ್ಲಿ, ನಡುವೆ ಒಂದು ಬೆರಳು ಅಂತರ. ಏನನ್ನೇ ಸಡಿಲಿಸುವ ಮೊದಲು ಅದು ಇದ್ದ ಜಾಗಕ್ಕೆ ಒಂದು ಗೀರು ಎಳೆಯಬೇಕು, ಮತ್ತೆ ಕೂರಿಸುವಾಗ ಗೀರಿಗೆ ಗೀರು ಕೂಡಿಸಬೇಕು, ಇದು ಮಾವ ಕಲಿಸಿದ ಮೊದಲ ಪಾಠ. ಇಪ್ಪತ್ತು ವರ್ಷದಲ್ಲಿ ನಾನು ಗೀರು ಹಾಕದೆ ಏನನ್ನೂ ಬಿಚ್ಚಿದವನಲ್ಲ. ಆವತ್ತೂ ಹಾಕಿದ್ದೆ. ಹಾಕಿದ್ದು ನನಗೇ ಗೊತ್ತಿರಲಿಲ್ಲ. ಕಳ್ಳತನಕ್ಕೆ ಹೋದವನು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋದ ಹಾಗಾಯಿತು. ಅದೂ ಸಾಲದು ಎಂಬಂತೆ ನಾನು ಎಡಚ, ನನ್ನ ಗೀರು ವಾಲುವುದೇ ಬೇರೆ ಕಡೆ. ಈ ಶೆಡ್ಡಿನಲ್ಲಿ ಅದು ಯಾರ ಕೈ ಎಂದು ಹೇಳಲು ಪೊಲೀಸರು ಬೇಕಾಗಿರಲಿಲ್ಲ.

ಅವನು ಆ ಗೀರನ್ನೇ ನೋಡಿದ. ನನ್ನನ್ನು ನೋಡಲಿಲ್ಲ. ಬೋಲ್ಟು ಸಡಿಲಿಸಿ, ಗೀರಿಗೆ ಗೀರು ಕೂಡಿಸಿ, ಬಿಗಿದ. ಹಿಂದೆ ಮಾವನ ಹೆಜ್ಜೆ ಸಪ್ಪಳ ಕೇಳಿತು. ಅವನು ಹೆಬ್ಬೆರಳಿಗೆ ಗ್ರೀಸು ತೆಗೆದುಕೊಂಡು ಆ ಗೀರಿನ ಮೇಲೆ ದಪ್ಪಗೆ ಬಳಿದುಬಿಟ್ಟ.

"ಏನಾಗಿತ್ತೋ?" ಎಂದ ಮಾವ.

"ಬೋಲ್ಟು ಬಿಗಿ ಮಾಡೋದು ಮರೆತಿದ್ದೆ ಮಾವ. ಡಿಸ್ಟ್ರಿಬ್ಯೂಟರ್ ತಿರುಗಿಬಿಟ್ಟಿತ್ತು. ತಪ್ಪು ನಂದೇ."

ಕಾರು ಮೊದಲ ಸಲಕ್ಕೇ ಎದ್ದಿತು. ಅದನ್ನು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ವಕೀಲರ ಎದುರಿಗೇ ಮಾವ ಬಯ್ಯತೊಡಗಿದ. ಹನ್ನೊಂದು ವರ್ಷ ಕೂಡಿಟ್ಟದ್ದನ್ನೆಲ್ಲ ಒಂದೇ ಸಲಕ್ಕೆ ಸುರಿದ. ಅಪ್ರಯೋಜಕ ಎಂದ, ಮಾನ ಕಳೆದೆ ಎಂದ, ನಿನ್ನನ್ನು ತಲೆ ಮೇಲೆ ಕೂರಿಸಿಕೊಂಡದ್ದೇ ತಪ್ಪಾಯಿತು ಎಂದ. ನಾನು ಇಷ್ಟು ವರ್ಷ ಆಸೆಪಟ್ಟ ಮಾತುಗಳೇ ಎಲ್ಲ, ಒಂದನ್ನೂ ಬಿಟ್ಟಿರಲಿಲ್ಲ. ಒಂದೂ ನನಗೆ ರುಚಿಸಲಿಲ್ಲ. 'ನಾನು ಮಾಡಿದ್ದು' ಎಂದು ಹೇಳಲು ಎರಡು ಪದ ಸಾಕಿತ್ತು. ನಾನು ಬಟ್ಟೆ ತೆಗೆದುಕೊಂಡು ಬಾನೆಟ್ಟು ಒರೆಸತೊಡಗಿದೆ.

"ಬೋಲ್ಟು ಮರೆಯೋನ ಕೈಗೆ ಒಂಬತ್ತು ಕಾರು ಹ್ಯಾಗೆ ಕೊಡ್ಲಿ?" ಎಂದರು ವಕೀಲರು.

"ದೊಡ್ಡಳಿಯ ಇದಾನಲ್ಲ ಸಾರ್" ಎಂದು ಮಾವ ನನ್ನ ಹೆಗಲ ಮೇಲೆ ಕೈ ಇಟ್ಟ. "ಇವನು ಇವತ್ತಿನವರೆಗೆ ಒಂದು ಬೋಲ್ಟು ಮರೆತವನಲ್ಲ."

ಅದು ನಿಜ. ವಕೀಲರು ನನ್ನ ಕೈ ಕುಲುಕಿದರು.

ಸಂಜೆ ನಲ್ಲಿಯ ಹತ್ತಿರ ಇಬ್ಬರೇ ಸಿಕ್ಕೆವು. ಅವನು ಸೋಪಿನ ಪುಡಿ ಹಾಕಿಕೊಂಡು ಹೆಬ್ಬೆರಳು ಉಜ್ಜುತ್ತಿದ್ದ.

"ಯಾಕೋ ಹಂಗಂದೆ?" ಎಂದೆ.

"ಭಾವ, ಮೇಲೆ ಅಡುಗೆಮನೆ ಒಂದೇ ಇದೆ. ನಾನು ಬಾಯಿ ಬಿಟ್ಟಿದ್ರೆ ಎರಡಾಗ್ತಿತ್ತು. ಒಂಬತ್ತು ಕಾರಿಗೋಸ್ಕರ ಅಕ್ಕ ತಂಗೀನ ಬೇರೆ ಮಾಡೋಕಾಗತ್ತಾ?" ಕೈ ಒರೆಸಿಕೊಂಡು ಮತ್ತೆ ಹೇಳಿದ, "ನೀವು ಗೀರು ಹಾಕಿದ್ದಕ್ಕೆ ಬೇಗ ಆಯ್ತು. ಇಲ್ದಿದ್ರೆ ನಾನು ಕತ್ತಲಾಗೋವರೆಗೆ ಒದ್ದಾಡಬೇಕಾಗಿತ್ತು."

ಅಣಕಿಸುತ್ತಿದ್ದಾನೆಯೇ ಎಂದು ಮುಖ ನೋಡಿದೆ. ಇಲ್ಲ. ಮೆಚ್ಚಿಯೇ ಹೇಳುತ್ತಿದ್ದ. ಒಂಬತ್ತು ಕಾರು ನನ್ನ ಕೈಗೆ ಬಂದಿತ್ತು, ಆ ಗಳಿಗೆಯಲ್ಲಿ ಅವನನ್ನು ಕಂಡರೆ ಹೊಟ್ಟೆ ಉರಿದಷ್ಟು ಯಾವತ್ತೂ ಉರಿದಿರಲಿಲ್ಲ.

ಊಟಕ್ಕೆ ಕೂತೆವು. ಅವನು ಕೇಳಿ ಕೇಳಿ ಎರಡು ಸಲ ಹಾಕಿಸಿಕೊಂಡು ಉಂಡ. ನಾನು ಕಲಸಿದ ಅನ್ನವನ್ನೇ ಕಲಸುತ್ತಿದ್ದೆ. ನನ್ನ ಹೆಂಡತಿಗೆ ಆವತ್ತು ನೆಲದ ಮೇಲೆ ಕಾಲು ನಿಂತಿರಲಿಲ್ಲ. ಮದುವೆಯಾದಾಗಿನಿಂದ ಒಂದು ಸಲವೂ ಆಡದ ಮಾತನ್ನು ಬಡಿಸುತ್ತಲೇ ತಂಗಿಗೆ ಹೇಳಿದಳು.

"ನಿನ್ನ ಗಂಡನಿಗೆ ಸ್ವಲ್ಪ ಗಮನ ಇಟ್ಟು ಕೆಲಸ ಮಾಡೋಕೆ ಹೇಳೇ. ನಮ್ಮನೆಯವರನ್ನ ನೋಡಿ ಕಲೀಲಿ."

ನನ್ನ ನಾದಿನಿ ಬಲು ಬಾಯಿಬಡುಕಿ. ಗಂಡನ ಮೇಲೆ ಅರ್ಧ ಮಾತು ಬಂದರೆ ಒಂದೂವರೆ ಹಿಂದಿರುಗಿಸುವವಳು, ನನ್ನನ್ನಂತೂ ದಿನಾ ಊಟದ ಹೊತ್ತಿಗೆ ಗೇಲಿ ಮಾಡದೆ ಬಿಟ್ಟವಳಲ್ಲ. ಗಂಡ ಅವಳಿಗೆ ಎಲ್ಲ ಹೇಳಿದ್ದಾನೆ ಎಂದು ನನಗೆ ಗೊತ್ತಾದದ್ದು ಅವಳ ಉತ್ತರ ಕೇಳಿದಾಗಲೇ.

"ಹೂಂ ಅಕ್ಕ, ಹೇಳ್ತೀನಿ" ಎಂದಳು. ಆಮೇಲೆ ನನ್ನ ಕಡೆ ಬಂದು, ತಲೆ ತಗ್ಗಿಸಿಕೊಂಡು, "ನಿಮಗೆ ಇನ್ನೂ ಸ್ವಲ್ಪ ಹಾಕ್ಲಾ ಭಾವ?" ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಆ ಮರ್ಯಾದೆಯನ್ನು ಅವಳು ಇವತ್ತಿನವರೆಗೂ ಬಿಟ್ಟಿಲ್ಲ.